ಮಂಜುಗಟ್ಟಿದ ಬ್ರೆಡ್ಡು

ತಂಗಿಯ ತೂಕ ಇಳಿಸುವುದು ತನ್ನ ಹೊಣೆ ಎಂದು ದರ್ಜಿ ಅಕ್ಕ ನಂಬಿದ್ದಳು. ಪ್ರತಿ ಭಾನುವಾರ ಟೇಪು ಹಿಡಿದು ಅವಳ ಸೊಂಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಬೆಳಗಿನ ತಿಂಡಿ ಬಿಡಿಸಿದ್ದಳು. ತಿನಿಸಿನ ಕಪಾಟಿಗೆ ಬೀಗ ಜಡಿದಿದ್ದಳು. ತಂಗಿಗೆ ಔಷಧಿ ಅಂಗಡಿಯಲ್ಲಿ ಸಂಜೆ ಪಾಳಿ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ.

ಆ ಸೋಮವಾರ ಮಧ್ಯಾಹ್ನ, ಮರೆತಿದ್ದ ಗುಂಡಿಯ ಡಬ್ಬಿ ಒಯ್ಯಲು ಹೊಲಿಗೆ ಅಂಗಡಿಯಿಂದ ಮನೆಗೆ ಬಂದ ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ತಂಗಿ ಫ್ರಿಜ್ಜಿನ ಮುಂದೆ ನೆಲದ ಮೇಲೆ ಕುಳಿತು, ಮಂಜುಗಟ್ಟಿದ ಬ್ರೆಡ್ಡನ್ನು ಹಾಗೆಯೇ ಕಚ್ಚುತ್ತಿದ್ದಳು. ತುಟಿ ಒಡೆದು ರಕ್ತ ಬಂದಿತ್ತು. ಕಣ್ಣೀರು ಸುರಿಯುತ್ತಿದ್ದರೂ ಕೈ ನಿಂತಿರಲಿಲ್ಲ. ಎರಡು ಪೊಟ್ಟಣ ಆಗಲೇ ಖಾಲಿ.

“ಏನೇ ಇದು! ಹಲ್ಲು ಮುರ್ಕೋತೀಯಲ್ಲೇ!”

“ಸಾಕು ಅಂತ ನನಗೂ ಗೊತ್ತಾಗ್ತಿದೆ ಅಕ್ಕ. ನಿಲ್ಲಿಸೋಕೆ ಆಗ್ತಿಲ್ಲ. ನಾಲ್ಕು ತಿಂಗಳಿಂದ ಹೀಗೇ. ಬೇರೆ ಮನೆ ನೋಡ್ಕೋತೀನಿ, ಈ ಮುಖ ನಿನಗೆ ತೋರ್ಸಲ್ಲ.”

ಅಕ್ಕ ಓಡಿಹೋಗಿ ಪಕ್ಕದ ಮನೆಯ ನರ್ಸಮ್ಮನನ್ನು ಕರೆತಂದಳು. ಅವರು ತಂಗಿಯ ತುಟಿ ಒರೆಸಿ, ಮೆಲ್ಲಗೆ ವಿಚಾರಿಸಿ, “ಇದು ಹತೋಟಿ ತಪ್ಪಿ ತಿನ್ನೋ ಕಾಯಿಲೆ ಇರ್ಬೇಕು” ಎಂದರು.

“ಕಾಯಿಲೆಯಂತೆ! ಬಾಯಿಚಪಲ ಅನ್ನಿ!” ಅಕ್ಕ ಸಿಡುಕಿದಳು.

“ಚಪಲಕ್ಕೆ ಯಾರಾದ್ರೂ ಮಂಜುಗಡ್ಡೆಯಂಥ ಬ್ರೆಡ್ಡು ಕಚ್ತಾರೇನಮ್ಮ? ಮಿದುಳಲ್ಲಿ ‘ಬೇಕು’ ಅನ್ನೋ ಭಾಗ ಇದೆ, ‘ಸಾಕು’ ಅಂತ ತಡೆಯೋ ಭಾಗಾನೂ ಇದೆ. ಈ ಕಾಯಿಲೇಲಿ ಮೊದಲನೇದು ಅರಚಾಡುತ್ತೆ, ಎರಡನೇದರ ಹಿಡಿತ ಸಡಿಲ ಆಗುತ್ತೆ. ಊಟ ಬಿಡಿಸಿದ್ರೆ ಬರಗಾಲ ಬಂತು ಅಂತ ಮಿದುಳು ಹೆದರಿ ಇನ್ನೂ ಅರಚುತ್ತೆ.” ನರ್ಸಮ್ಮ ತಂಗಿಯತ್ತ ತಿರುಗಿದರು. “ಯಾವ ದಿನ ಹೆಚ್ಚು, ಪುಟ್ಟಿ?”

“ಸೋಮವಾರ. ಅಕ್ಕ ಅಳತೆ ತೆಗೆದ ಮಾರನೇ ದಿನ.”

ಅಕ್ಕ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ ನೋಡಿದಳು. “ಅಯ್ಯೋ, ನಾನೇನಾ?”

“ನೀನೊಬ್ಬಳೇ ಕಾರಣ ಅಲ್ಲ. ಆದ್ರೆ ಬೀಗ, ಬೈಗುಳ, ಟೇಪು ಯಾವುದೂ ಔಷಧಿ ಅಲ್ಲಮ್ಮ. ಹೊತ್ತುಹೊತ್ತಿಗೆ ಊಟ ಬೇಕು. ಮಾನಸಿಕ ತಜ್ಞರ ಹತ್ತಿರ ಮಾತಿನ ಚಿಕಿತ್ಸೆ ಇದೆ; ಯಾವ ನೋವಿಗೆ ಕೈ ತಿನಿಸಿಗೆ ಹೋಗುತ್ತೆ ಅಂತ ಗುರುತಿಸೋದು ಕಲಿಸ್ತಾರೆ. ಬೇಕಿದ್ರೆ ಡಾಕ್ಟರು ಮಾತ್ರೆ ಬರೀತಾರೆ. ಎಷ್ಟೋ ಜನ ಗುಣ ಆಗಿದ್ದಾರೆ.”

ಅಕ್ಕ ತಂಗಿಯ ಪಕ್ಕದಲ್ಲಿ ನೆಲದ ಮೇಲೇ ಕುಳಿತಳು. “ಬೇರೆ ಮನೆ ಗಿನೆ ಅಂದ್ರೆ ನೋಡು! ನಾಳೆ ಅಂಗಡಿ ಮುಚ್ತೀನಿ. ಇಬ್ರೂ ಆಸ್ಪತ್ರೆಗೆ ಹೋಗೋಣ.”

“ಡಾಕ್ಟರ ಬಾಗಿಲವರೆಗೆ ಬಂದು ನನ್ನೊಬ್ಬಳನ್ನೇ ಬಿಟ್ಟು ಓಡಿಹೋಗ್ತೀಯಾ?” ತಂಗಿ ಕೇಳಿದಳು.

“ಇಲ್ಲ ಕಣೇ. ಡಾಕ್ಟರ ಮುಂದೆ ನಿನ್ನ ಪಕ್ಕದ ಕುರ್ಚೀಲೇ ಕೂರ್ತೀನಿ. ಮೊದಲು ನನ್ನ ತಪ್ಪು ನಾನೇ ಹೇಳ್ತೀನಿ.”

ಓದುಗರೇ, ನಿಮ್ಮ ಮನೆಯಲ್ಲಿ ಹೆಣ್ಣಾಗಲಿ ಗಂಡಾಗಲಿ, ದಪ್ಪಗಿರಲಿ ತೆಳ್ಳಗಿರಲಿ, ಯಾರಾದರೂ ಹೀಗೆ ಮರೆಯಲ್ಲಿ, ನಿಲ್ಲಿಸಲಾಗದೆ ತಿನ್ನುತ್ತಿದ್ದರೆ ಹಂಗಿಸಬೇಡಿ, ಉಪವಾಸ ಕೆಡವಬೇಡಿ. ಅವರ ಮಾತನ್ನು ಪೂರ್ತಿ ಕೇಳಿ. ವೈದ್ಯರಲ್ಲಿಗೆ ಅವರನ್ನು ಕಳುಹಿಸಿ ಸುಮ್ಮನಾಗದೆ, ನೀವೂ ಜೊತೆಗೆ ಹೋಗಿ.