ತಲೆ ಒತ್ತುವ ಕೈ

ಮೇಲಿರುವವನು ಕೆಲವರ ಮಾತನ್ನು ನಾಲಗೆಯಲ್ಲಿ ಇಡುತ್ತಾನೆ, ಕೆಲವರದನ್ನು ಬೆರಳಲ್ಲಿ. ಅವಳ ಅಪ್ಪನದು ಬೆರಳಲ್ಲಿತ್ತು. ಮರಕ್ಕೆ ಪಾಲಿಶ್ ಹಾಕುವುದು ಅವನ ಕಸುಬು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕುರ್ಚಿ, ಮೇಜು, ಯಾರದೋ ಮನೆಯ ಬಾಗಿಲು ತಮ್ಮ ಸರದಿಗಾಗಿ ಕಾದು ನಿಂತಿರುತ್ತಿದ್ದವು. ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಬಟ್ಟೆಯುಂಡೆ ಅದ್ದಿ ಅವನು ಸವರುತ್ತ ಹೋದರೆ ಸತ್ತ ಮರ ಕಣ್ಣು ಬಿಟ್ಟಂತೆ ಹೊಳೆಯುತ್ತಿತ್ತು. ಮನೆಯೊಳಗೆ ಬಂದರೆ ಮಾತ್ರ ಎರಡು ಮಾತು ಜೋಡಿಸಲು ಬಾರದು. ಹೆಂಡತಿ ತೀರಿಕೊಂಡ ದಿನ, ಅಳುತ್ತಿದ್ದ ಪುಟ್ಟ ಮಗಳಿಗೆ ಏನು ಹೇಳಬೇಕೆಂದು ತಿಳಿಯದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆ ಒತ್ತಿದ. ಅವಳು ನಿದ್ದೆಹೋದಳು. ಅಂದಿನಿಂದ ಅದೇ ಅವರಿಬ್ಬರ ಸಂಜೆಯ ಪ್ರಾರ್ಥನೆಯಾಯಿತು. ಕೆಲಸ ಮುಗಿಸಿ, ಕೈಕಾಲು ತೊಳೆದು, "ಬಾ ಕೂಸೇ" ಅನ್ನುವನು. ಅವಳು ಬೆಳೆದು ದೊಡ್ಡವಳಾಗಿ, ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದ ಮೇಲೂ ಅದು ನಿಲ್ಲಲಿಲ್ಲ.

ನಿಲ್ಲಬೇಕಾದರೆ ಅವಳ ತಲೆನೋವು ಮೊದಲು ಬಿಡಬೇಕಲ್ಲ.

ಅದು ಸಣ್ಣಂದಿನಿಂದ ಬಂದದ್ದು. ಮೊದಲು ಕಣ್ಣಂಚಿನಲ್ಲಿ ಮುರಿದ ಗಾಜಿನಂಥ ಮಿನುಗು. ಆಮೇಲೆ ತಲೆಯ ಒಂದೇ ಪಕ್ಕದಲ್ಲಿ ಯಾರೋ ಮೊಳೆ ಹೊಡೆಯತೊಡಗುವರು. ಬೆಳಕು ಬೇಡ, ಸದ್ದು ಬೇಡ, ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲದು. ಅಂಗಡಿಯಲ್ಲಿ ಹೊಲಿಗೆ ಯಂತ್ರಗಳ ನಡುವೆ ಎಷ್ಟೋ ಸಲ ಸೂಜಿ ಕೆಳಗಿಟ್ಟು ಎದ್ದುಬಂದಿದ್ದಳು.

"ಮತ್ತೆ ಮಲಗಿದಳಾ ಮಹಾರಾಣಿ?" ಅನ್ನುತ್ತ ಅತ್ತೆ ಬರುತ್ತಿದ್ದಳು. ಅಪ್ಪನ ತಂಗಿ, ಪಕ್ಕದ ಓಣಿಯವಳು. ಬಾಯಿ ಬೊಂಬಾಯಿ, ಕರುಳು ಮಾತ್ರ ಬೆಣ್ಣೆ. "ತಲೆ ಅಂತ ಒಂದಿದ್ದರೆ ನೋವು ಇದ್ದೇ ಇರುತ್ತೆ ಕಣೇ. ನನಗೆ ನೋಡು, ಏನೂ ಇಲ್ಲ."

"ತಲೆನಾ, ನೋವಾ ಅತ್ತೆ?" ಎಂದು ಅವಳು ಕಣ್ಣುಮುಚ್ಚಿಕೊಂಡೇ ಕೇಳುವಳು.

"ಸಾಯೋ ಹಾಗೆ ಮಲಗಿದ್ದರೂ ನಾಲಗೆ ಎದ್ದು ಕೂತಿದೆ ನೋಡು!"

ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆ ನೋವನ್ನು ತಗ್ಗಿಸುತ್ತಿತ್ತು, ಬರುವುದನ್ನು ತಡೆಯುತ್ತಿರಲಿಲ್ಲ. ಅದು ಯಾಕೆ ಬರುತ್ತದೆ ಎಂದು ಕೇಳಿದರೆ, "ಒಬ್ಬೊಬ್ಬರಿಗೆ ಒಂದೊಂದು ಕಾರಣ ಇರುತ್ತಮ್ಮಾ, ನಿಮ್ಮದನ್ನ ನೀವೇ ಗಮನಿಸಿ ಹುಡುಕಬೇಕು," ಅಂದಿದ್ದರು. ಆ ಮಾತು ಅವಳ ಮನಸ್ಸಿನಲ್ಲಿ ಬೇರುಬಿಟ್ಟಿತು. ರಜೆಯ ದಿನಗಳಲ್ಲಿ ಬೀದಿಯ ಕೊನೆಯ ಗ್ರಂಥಾಲಯಕ್ಕೆ ಹೋಗಿ ಕೂತಳು. ದೇಹದ ಬಗ್ಗೆ, ನರಗಳ ಬಗ್ಗೆ, ನಿದ್ದೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು. ತಿಳಿಯದ್ದನ್ನು ಎರಡೆರಡು ಸಲ ಓದಿದಳು. ಅರೆತಲೆನೋವು ಶಾಪವಲ್ಲ, ಸೋಗೂ ಅಲ್ಲ. ಸಣ್ಣ ಬದಲಾವಣೆಗೂ ಬೆಚ್ಚಿಬೀಳುವ ಮಿದುಳಿನ ಸ್ವಭಾವ ಎಂದು ಗೊತ್ತಾದ ದಿನ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಇಷ್ಟು ವರ್ಷ ತಾನು ಯಾವ ಪಾಪ ಮಾಡಿದೆನೋ ಎಂದು ದೇವರ ಮುಂದೆ ಲೆಕ್ಕ ಒಪ್ಪಿಸುತ್ತಿದ್ದವಳು ಅವಳು.

ಇನ್ನೂ ಒಂದು ಸಂಗತಿ ಅಲ್ಲಿ ತಿಳಿಯಿತು. ಕಾರಣಕ್ಕೂ ನೋವಿಗೂ ನಡುವೆ ಎಷ್ಟೋ ಹೊತ್ತು ಸರಿದಿರಬಹುದು. ಸಂಜೆ ಬಿತ್ತಿದ್ದು ಬೆಳಗ್ಗೆ ಮೊಳೆಯಬಹುದು. ಹಸಿವು, ನಿದ್ದೆಗೇಡು, ಬಿಸಿಲು, ವಾಸನೆ, ಹನಿಹನಿಯಾಗಿ ಕೂಡಿ ಹಳ್ಳ ತುಂಬಿದ ಮೇಲೆಯೇ ನೋವು ಉಕ್ಕುವುದು.

ಅವಳು ಒಂದೊಂದೇ ಹನಿಯನ್ನು ತಡೆಯುತ್ತ ಬಂದಳು. ಹೊತ್ತು ಮೀರದಂತೆ ಉಂಡಳು, ಸೂಜಿಯ ಪಕ್ಕದಲ್ಲೇ ನೀರಿನ ಬಾಟಲಿ ಇಟ್ಟುಕೊಂಡಳು, ರಜೆಯ ದಿನವೂ ಎಂದಿನ ಹೊತ್ತಿಗೇ ಎದ್ದಳು. ಟೈಲರನ್ನು ಕಾಡಿಬೇಡಿ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಮೂಲೆ ಹಿಡಿದಳು. ನೋವು ಬರುವುದು ಕಡಿಮೆಯಾಯಿತು. ಆದರೆ ಬಿಡಲಿಲ್ಲ. ಎಲ್ಲೋ ಒಂದು ತೂತು ಕಾಣದೆ ಉಳಿದಿತ್ತು.

ಅಷ್ಟರಲ್ಲಿ ಅಪ್ಪನಿಗೆ ಬೇರೆ ಊರಲ್ಲಿ ದೊಡ್ಡ ಮನೆಯೊಂದರ ಬಾಗಿಲು-ಕಿಟಕಿಗಳ ಕೆಲಸ ಸಿಕ್ಕಿತು. ಹೋಗುವಾಗ ಹೊಸ್ತಿಲಲ್ಲಿ ನಿಂತು, "ತಲೆನೋವು ಬಂದರೆ ಅತ್ತೇನ ಕರ್ಕೋ. ಅವಳು ಒತ್ತಿದರೆ ತಲೆಬುರುಡೆ ಉಳಿಯೋದು ಕಷ್ಟ, ಆದರೂ ಕರ್ಕೋ," ಅಂದ. ಅವನು ಆಡಿದ ಅಪರೂಪದ ತಮಾಷೆ ಅದು.

ಅವನು ಇಲ್ಲದ ವಾರಗಳಲ್ಲಿ ಒಂದು ಸಲವೂ ನೋವು ಬರಲಿಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಬೆಳಗಾಗೆದ್ದರೆ ತಲೆ ತೊಳೆದಿಟ್ಟ ಪಾತ್ರೆಯಂತೆ ಹಗುರ. ಅಂಗಡಿಯಲ್ಲಿ ಹಾಡಿಕೊಂಡಳು. ಅತ್ತೆ ಬಂದು, "ಏನೇ, ತಲೆ ಬದಲಾಯಿಸ್ಕೊಂಡ್ಯಾ?" ಎಂದು ಮೂಗಿನ ಮೇಲೆ ಬೆರಳಿಟ್ಟಳು.

ಅಪ್ಪ ಮರಳಿ ಬಂದಾಗ ಸುದ್ದಿ ಕೇಳಿ ಅವನ ಕಣ್ಣು ತುಂಬಿತು. "ದಿನಾ ಬೇಡ್ಕೊಂಡೆ ಕೂಸೇ. ಕೆಲಸ ಶುರು ಮಾಡೋ ಮುಂಚೆ ಕೈಮುಗಿದು, ಅವಳ ನೋವು ನನಗೆ ಕೊಡಪ್ಪಾ ಅಂತಿದ್ದೆ. ಕೇಳಿಸ್ಕೊಂಡ ನೋಡು." ಹಾಗೆಂದು ಗೋಡೆಗೊರಗಿ ಕೂತು, ತೊಡೆ ತಟ್ಟಿ, "ಬಾ ಕೂಸೇ," ಅಂದ.

ತಲೆಯಿಟ್ಟಳು. ಬೆರಳು ಹಣೆಗೆ ತಾಗಿತು. ಇಷ್ಟು ದಿನ ದೂರವಿದ್ದದ್ದರಿಂದಲೋ ಏನೋ, ಮೊದಲ ಸಲ ಅವಳ ಮೂಗಿಗೆ ಅದು ಬೇರೆಯಾಗಿ ಬಡಿಯಿತು. ಸ್ಪಿರಿಟ್ಟು, ಅರಗು, ವಾರ್ನಿಷ್. ಹುಟ್ಟಿದಾಗಿನಿಂದ ಅದನ್ನು ವಾಸನೆ ಎಂದುಕೊಂಡವಳೇ ಅಲ್ಲ. ಅದು ಅಪ್ಪ, ಅಷ್ಟೆ.

ಬೆಳಗ್ಗೆ ಕಣ್ಣಂಚಿನಲ್ಲಿ ಗಾಜು ಮಿನುಗಿತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಮನಸ್ಸಿಗೆ ಬಂತು. ಅಪ್ಪನ ಕೈಗೆ ಆ ಗಾದೆ ಹೊಂದಿಸಿದೆನಲ್ಲ ಎಂದು ನಾಚಿ, ದಿಂಬು ಕಚ್ಚಿಕೊಂಡಳು. ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದಳು. ಸಂಜೆ ಅವನು ಕರೆದಾಗಲೆಲ್ಲ ಹೊಲಿಗೆ ಇದೆ, ನಿದ್ದೆ ಬರುತ್ತಿದೆ ಎಂದು ನೆಪ ಹೂಡಿದಳು. ಅಪ್ಪ ಗೋಡೆಗೊರಗಿ ಖಾಲಿ ತೊಡೆ ನೋಡಿಕೊಂಡು ಕೂರುವನು. ಅದನ್ನು ನೋಡಲಾರದೆ ಅವಳು ಮತ್ತೆ ತಲೆಯಿಡುವಳು. ಬೆಳಗ್ಗೆ ಮತ್ತೆ ಮೊಳೆ.

ಒಂದು ಮಧ್ಯಾಹ್ನ ಹಾಗೆ ಅವಳು ಮಲಗಿದ್ದಾಗ ಅತ್ತೆ ಬಂದಳು. ಅಪ್ಪ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅಲ್ಲ ಕಣಣ್ಣಾ, ನೀನು ಊರಲ್ಲಿಲ್ಲದಾಗ ಕುಣೀತಿದ್ದಳು. ನೀನು ಬಂದೆ, ಇವಳು ಬಿದ್ದಳು. ಅಪ್ಪನ ಮುಖ ನೋಡಿದರೇ ತಲೆನೋವು ಬರುತ್ತೇನೋ!" ಎಂದು ಅತ್ತೆ ಗಹಗಹಿಸಿದಳು. ಅಪ್ಪನೂ ನಕ್ಕ. ಮಗಳು ನಗಲಿಲ್ಲ. ಅವಳು ನಗಲಿಲ್ಲವೆಂಬುದನ್ನು ಅಪ್ಪ ನೋಡಿದ.

ಅತ್ತೆ ಹೋದ ಮೇಲೆ ಹಾಸಿಗೆಯ ಪಕ್ಕ ಕೂತ. "ನಿಜ ಹೇಳು ಕೂಸೇ. ಏನೋ ಓದ್ಕೊಂಡಿದ್ದೀಯ. ಗೊತ್ತಾಗಿದೆ ನಿನಗೆ."

"ಏನಿಲ್ಲಪ್ಪಾ."

"ನಿನ್ನಮ್ಮನ ಆಣೆ."

ಹೇಳಿದಳು. ಗೋಡೆಯ ಕಡೆ ಮುಖ ಮಾಡಿ, ತುಂಡು ತುಂಡಾಗಿ ಹೇಳಿದಳು. ಅಪ್ಪ ಎರಡೂ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದ. ತಿರುಗಿಸಿ ಮತ್ತೆ ಮೂಸಿದ.

"ನನಗೇನೂ ವಾಸನೆ ಬರ್ತಿಲ್ಲವಲ್ಲೇ," ಅಂದ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ. ಕೈ ಕೆಳಗಿಳಿಸಿ ಕೇಳಿದ: "ಹಾಗಾದರೆ... ಅಮ್ಮ ಹೋದಾಗಿನಿಂದಲೂನಾ?"

ಅವಳು ಹೊದಿಕೆಯನ್ನು ಮುಖದ ಮೇಲಕ್ಕೆ ಎಳೆದುಕೊಂಡಳು.

ಆ ಮೇಲೆ ಕೈ ತೊಳೆಯುವುದೇ ಅವನಿಗೊಂದು ವ್ರತವಾಯಿತು. ಸೋಪು, ನಿಂಬೆ, ಬೂದಿ, ಬಟ್ಟೆ ಒಗೆಯುವ ಬ್ರಷ್ಷು. ಬೆರಳ ಗೆಣ್ಣುಗಳಲ್ಲಿ ರಕ್ತ ಜಿನುಗಿತು. "ಚರ್ಮಾನೂ ಸುಲಿದು ಒಣಗಿಹಾಕ್ತೀಯಾ?" ಎಂದು ಅತ್ತೆ ಬೈದು ಬ್ರಷ್ಷು ಕಿತ್ತುಕೊಂಡಳು. ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೈಗವಸು ಹಾಕಿ ಕೆಲಸ ಮಾಡಿ ನೋಡಿದ. ಮರದ ನಯ ಬೆರಳಿಗೆ ಸಿಗಲಿಲ್ಲ, ಗಿರಾಕಿಯ ಮೇಜು ಕೆಟ್ಟಿತು. "ಕಸುಬೇ ಬಿಡ್ತೀನಿ," ಅಂದಾಗ ಮಗಳು ಅವನ ಕಾಲು ಹಿಡಿದಳು. ಮಾತಿಲ್ಲದ ಮನುಷ್ಯನಿಂದ ಇರುವ ಒಂದು ನಾಲಗೆಯನ್ನೂ ಕಿತ್ತುಕೊಳ್ಳುವುದುಂಟೇ?

ಒಂದು ಸಂಜೆ ತೊಳೆದ ಕೈಯನ್ನು ಅವಳ ಮುಂದೆ ಚಾಚಿ, "ಈಗ?" ಅಂದ.

"ಹೋಗಿದೆ ಅಪ್ಪಾ. ಏನೂ ಬರ್ತಿಲ್ಲ," ಎಂದಳು. ತೊಡೆಯ ಮೇಲೆ ತಲೆಯಿಟ್ಟಳು. ಕೂದಲಲ್ಲಿ, ಅಂಗಿಯಲ್ಲಿ, ಉಸಿರಲ್ಲಿ ಎಲ್ಲೆಲ್ಲೂ ಅದೇ ವಾಸನೆ. ಬೆಳಗ್ಗೆ ಅವಳು ಏಳದಿದ್ದಾಗ ಅಪ್ಪನಿಗೆ ಗೊತ್ತಾಯಿತು. ಬೈಯಲಿಲ್ಲ. ತನ್ನ ಚಾಪೆ, ಹೊದಿಕೆ, ತಟ್ಟೆ, ಲೋಟ ಎತ್ತಿಕೊಂಡು ಹಿತ್ತಲಿನ ಶೆಡ್ಡಿಗೆ ಹೊರಟುಹೋದ.

ಈಗ ಅವಳು ಆರೋಗ್ಯವಂತೆ. ಟೈಲರು ಅವಳಿಗೆ ಕತ್ತರಿಯ ಕೆಲಸ ಕಲಿಸುತ್ತಿದ್ದಾನೆ. ಮೈ ತುಂಬಿಕೊಂಡಿದೆ, ಮುಖಕ್ಕೆ ಕಳೆ ಬಂದಿದೆ. ಅಂಗಡಿಗೆ ಬರುವ ಹೆಂಗಸರಲ್ಲಿ ತಲೆ ಹಿಡಿದುಕೊಂಡವರನ್ನು ಕಂಡರೆ ಕೂರಿಸಿ ವಿಚಾರಿಸುತ್ತಾಳೆ: ಏನು ತಿಂದಿರಿ, ಯಾವಾಗ ಮಲಗಿದಿರಿ, ಮನೆಯಲ್ಲಿ ಏನು ವಾಸನೆ. "ನಿಮಗೆ ಹೇಗೆ ಗುಣವಾಯ್ತು?" ಎಂದು ಅವರು ಕೇಳಿದರೆ ಮಾತ್ರ ದಾರ ಕಚ್ಚಿ ತುಂಡರಿಸಿ ತಲೆ ತಗ್ಗಿಸುತ್ತಾಳೆ. ದೇವರು ಅಪ್ಪನ ಮೊರೆ ಕೇಳಿಸಿಕೊಂಡದ್ದು ಸುಳ್ಳಲ್ಲ. ಅವಳ ನೋವನ್ನು ತೆಗೆದು, ಬೇಡಿದವನ ಮಡಿಲಿಗೇ ಹಾಕಿದ.

ಅಪ್ಪ ದಿನಾ ಸಂಜೆ ಬರುತ್ತಾನೆ. ಹೊಸ್ತಿಲು ದಾಟುವುದಿಲ್ಲ. ಮೆಟ್ಟಿಲ ಮೇಲೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ನಿಲ್ಲುತ್ತಾನೆ.

"ತಲೆ ಹೇಗಿದೆ ಕೂಸೇ?"

"ಚೆನ್ನಾಗಿದೆ ಅಪ್ಪಾ."

"ಸರಿ." ಅಷ್ಟೇ. ತಿರುಗಿ ಹೋಗುತ್ತಾನೆ.

ಮೊನ್ನೆ ಅಂಗಡಿಯಿಂದ ಬಂದು ಗೋಡೆಗೊರಗಿ ಕೂತಿದ್ದಳು. ತಲೆ ಹಗುರವಾಗಿತ್ತು, ಎಷ್ಟು ಹಗುರವೆಂದರೆ, ಅದು ಯಾರಿಗೂ ಬೇಡದ ವಸ್ತುವಿನಂತೆ ಅನಿಸುತ್ತಿತ್ತು. ಅಪ್ಪ ಬಂದು ಮೆಟ್ಟಿಲ ಮೇಲೆ ನಿಂತ.

"ತಲೆ ಹೇಗಿದೆ ಕೂಸೇ?"

ಅವಳ ಬಾಯಿಂದ ಅದು ಹೇಗೆ ಬಂತೋ. "ನೋಯ್ತಿದೆ ಅಪ್ಪಾ. ತುಂಬಾ ನೋಯ್ತಿದೆ."

ಅಪ್ಪನ ಎರಡೂ ಕೈ ತಾವಾಗಿ ಮೇಲೆದ್ದವು. ಒಂದು ಕಾಲು ಹೊಸ್ತಿಲಿನ ಮೇಲೆ ಬಂತು. ಬಾ ಅಪ್ಪಾ, ಬಾ ಎಂದು ಅವಳ ಜೀವವೆಲ್ಲ ಕರೆಯಿತು. ಅಪ್ಪ ಆ ಕೈಗಳನ್ನು ನೋಡಿದ. ಬೆನ್ನ ಹಿಂದೆ ಕಟ್ಟಿಕೊಂಡ. ಕಾಲು ಹಿಂತೆಗೆದು ಒಂದು ಮೆಟ್ಟಿಲು ಇಳಿದ, ಇನ್ನೊಂದು ಇಳಿದ, ಅಂಗಳದ ಅಂಚಿನವರೆಗೆ ಹಿಂದೆ ಹಿಂದೆ ಸರಿದ.

"ಬಾಗಿಲು ಹಾಕ್ಕೋ ಕೂಸೇ," ಎಂದು ಅಲ್ಲಿಂದಲೇ ಕೂಗಿದ. "ಇನ್ನೂ ವಾಸನೆ ಬರ್ತಿದೆಯೇನೋ. ನಾನು ಇನ್ನಷ್ಟು ದೂರ ಹೋಗ್ತೀನಿ."

ಸುಳ್ಳು ಹೇಳಿದೆ ಅಪ್ಪಾ ಎನ್ನಲು ಅವಳು ಎದ್ದು ಬಾಗಿಲಿಗೆ ಓಡಿಬರುವಷ್ಟರಲ್ಲಿ ಅವನು ಗೇಟು ದಾಟಿ, ಕೈ ಬೆನ್ನ ಹಿಂದೆಯೇ ಕಟ್ಟಿಕೊಂಡು, ಬೀದಿಯ ತಿರುವಿನತ್ತ ಬಿರಬಿರನೆ ನಡೆದುಹೋಗುತ್ತಿದ್ದ.