ಹಾರ್ಲೋ ಗುಡ್ಡದ ಹಗ್ಗ

ಭಾನುವಾರದ ಊರ ಸಭೆಯಲ್ಲಿ ಏವಿಸ್ ಹೂಂ ಅನ್ನಬೇಕಿತ್ತು, ಇಲ್ಲವೇ ಉಹೂಂ ಅನ್ನಬೇಕಿತ್ತು. ನಲವತ್ತನಾಲ್ಕು ವರ್ಷದ ಹಿಂದೆ ಮುಚ್ಚಿಹೋದ ಹಾರ್ಲೋ ಗುಡ್ಡವನ್ನು ಈ ಚಳಿಗಾಲಕ್ಕೆ ಮತ್ತೆ ತೆರೆಯಬೇಕೆಂದು ಊರವರು ಹಟ ಹಿಡಿದಿದ್ದರು. ಸೋಮವಾರ ಹೊಸ ಹಗ್ಗಕ್ಕೆ ಬರೆದು ಕಳಿಸಬೇಕು, ಇಳಿಜಾರು ಸವರುವ ಕೆಲಸ ಆಮೇಲೆ. ಹಗ್ಗ ಬಂದ ಮೇಲೆ ಅದನ್ನು ಹೆಣೆಯುವವರು ಯಾರು? ಊರಿನಲ್ಲಿ ಆ ಕೆಲಸ ಬಲ್ಲವಳು ಅವಳೊಬ್ಬಳೇ.

ಹಾರ್ಲೋದಂಥ ಸಣ್ಣ ಗುಡ್ಡಗಳಿಗೆ ಜನರನ್ನು ತಂತಿಯ ಮೇಲೆ ಹೊತ್ತೊಯ್ಯುವ ತೂಗುಕುರ್ಚಿ ಎಲ್ಲಿಂದ ಬರಬೇಕು! ಬುಡದಿಂದ ನೆತ್ತಿಯವರೆಗೆ ಹಗ್ಗ ಬಳೆಯ ಹಾಗೆ ಸುತ್ತುತ್ತಿರುತ್ತದೆ. ಹಿಮದ ಮೇಲೆ ಜಾರಲು ಕಾಲಿಗೆ ಸ್ಕೀ ಕಟ್ಟಿಕೊಂಡ ಮಕ್ಕಳು ಅದನ್ನು ಹಿಡಿದುಕೊಂಡರೆ ಸಾಕು, ಮೇಲಕ್ಕೆ ಎಳೆದೊಯ್ಯುತ್ತದೆ. ಹಗ್ಗದ ಎರಡು ತುದಿಗೆ ಗಂಟು ಹಾಕುವಂತಿಲ್ಲ, ಗಂಟು ಗಾಲಿಯಲ್ಲಿ ಸಿಕ್ಕಿಬೀಳುತ್ತದೆ. ಎರಡೂ ತುದಿಗಳ ಎಳೆ ಬಿಚ್ಚಿ, ಒಂದರೊಳಗೊಂದು ಸೇರಿಸಿ, ಎಲ್ಲಿ ಸೇರಿತು ಎಂದು ಕೈಗೂ ತಿಳಿಯದ ಹಾಗೆ ಹೆಣೆಯಬೇಕು. ಏವಿಸಳ ಅಪ್ಪ ಲ್ಯೂಸಿಯೆನ್ ಇದರಲ್ಲಿ ಪಳಗಿದವನು. ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು ಮಗಳಿಗೂ ಕಲಿಸಿದ್ದ.

ಅವನು ಹೆಣೆದ ಜಾಗವೇ ಎಂಬತ್ತೊಂದರ ಫೆಬ್ರವರಿಯಲ್ಲಿ ಬಿಚ್ಚಿಕೊಂಡಿತು. ಹಗ್ಗ ಹಿಡಿದಿದ್ದ ಅವನ ಗೆಳೆಯ ವೆಂಡೆಲ್ ಪ್ರೂಟ್ ಹಿಂದಕ್ಕೆ ಉರುಳಿ ಮೊಣಕಾಲು ಮುರಿದುಕೊಂಡ. ಆಮೇಲೆ ಯಾವ ವಿಮೆಯವನೂ ಗುಡ್ಡದ ಕಡೆ ತಲೆ ಹಾಕಲಿಲ್ಲ, ಗುಡ್ಡ ಮುಚ್ಚಿತು. ಲ್ಯೂಸಿಯೆನ್ ಮತ್ತೆ ಹನ್ನೆರಡು ವರ್ಷ ಬದುಕಿದ್ದ. ಅಷ್ಟೂ ವರ್ಷ ಹಗ್ಗ ಮುಟ್ಟಲಿಲ್ಲ, ಹಸುವನ್ನು ಕೂಡ ಸರಪಳಿಯಲ್ಲಿ ಕಟ್ಟುತ್ತಿದ್ದ.

ಏವಿಸ್ ಮೂವತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು. ವರ್ಮಾಂಟಿನ ಮಂಜುಗಟ್ಟಿದ ರಸ್ತೆಯಲ್ಲೂ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ಅದೇ ಮಕ್ಕಳನ್ನು ತನ್ನ ಹೆಣಿಗೆಗೆ ಜೋತು ಬಿಡಬೇಕು ಅಂದಾಗ ಮಾತ್ರ ಧೈರ್ಯ ಸಾಲಲಿಲ್ಲ. ಕಲಿಸಿದ ಕೈಯೇ ತಪ್ಪಿದ ಮೇಲೆ ಕಲಿತ ಕೈಯನ್ನು ನಂಬುವುದು ಹೇಗೆ? ಹಳೆಯ ಹಗ್ಗ ಎಲ್ಲಿ ಸೋತಿತು ಎಂದು ಕಣ್ಣಾರೆ ನೋಡದೆ ಹೂಂ ಅನ್ನುವಂತಿರಲಿಲ್ಲ. ಅದು ಬಿದ್ದಿದ್ದದ್ದು ಗುಡ್ಡದ ನೆತ್ತಿಯ ಯಂತ್ರದ ಕೊಟ್ಟಿಗೆಯಲ್ಲಿ, ಅದರ ಬೀಗದಕೈ ವೆಂಡೆಲನ ಹತ್ತಿರವೇ ಇತ್ತು. ಗುರುವಾರ ಬೆಳಗಿನ ಬಸ್ಸು ಬಿಟ್ಟು ಬಂದವಳೇ ಅವನನ್ನು ಹೊರಡಿಸಿದಳು.

ಜಿಂಕೆ ಬೇಟೆಯ ಕಾಲ, ಯಾರೂ ಜಿಂಕೆಯೆಂದು ಗುಂಡು ಹಾರಿಸದಿರಲಿ ಎಂದು ಇಬ್ಬರೂ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟಿದ್ದರು.

"ಮೊಣಕಾಲು ತಡೆಯುತ್ತಾ ವೆಂಡೆಲ್? ಎಪ್ಪತ್ತೊಂಬತ್ತಾಯ್ತು ನಿಮಗೆ."

"ಮುರಿದಿದ್ದು ಇದೇ ಗುಡ್ಡ ತಾನೆ, ಇದೇ ಹತ್ತಿಸಲಿ ಬಿಡಮ್ಮ."

ಮಕ್ಕಳು ಜಾರುತ್ತಿದ್ದ ಇಳಿಜಾರಿನಲ್ಲಿ ಬಿಳಿ ತೊಗಟೆಯ ಬರ್ಚ್ ಮರಗಳು ನಾಲ್ಕಾಳೆತ್ತರ ಬೆಳೆದಿದ್ದವು. ನಡುವೆಲ್ಲ ಮುಳ್ಳುಪೊದೆ. ಹಗ್ಗ ಹಾಯಲೆಂದು ಕಂಬಗಳಿಗೆ ಸಿಕ್ಕಿಸಿದ ಹಳೆಯ ಕಾರಿನ ಚಕ್ರಗಳು ಅಲ್ಲಲ್ಲಿ ಕಾಣುತ್ತಿದ್ದುದರಿಂದ ದಾರಿ ತಪ್ಪಲಿಲ್ಲ. ಒಂದು ಚಕ್ರದ ಸುತ್ತಲೂ ಮರ ಬೆಳೆದು ಅದನ್ನು ಅರ್ಧ ನುಂಗಿಬಿಟ್ಟಿತ್ತು. ಅರ್ಧ ದಾರಿಯಲ್ಲಿ ಚಳಿ ಕಾಯಿಸಿಕೊಳ್ಳುವ ಗುಡಿಸಲು. ಮಾಡು ಒಂದು ಕಡೆ ಕುಸಿದಿತ್ತು, ಒಲೆ ಹಾಗೇ ಇತ್ತು. ಅಕ್ಟೋಬರದ ಭಾನುವಾರ ಪೊದೆ ಕಡಿಯುವ ಕೆಲಸಕ್ಕೆ ಬರದವರಿಗೆ ಚಳಿಗಾಲ ಹಗ್ಗ ಮುಟ್ಟುವ ಹಕ್ಕಿಲ್ಲ ಎನ್ನುವುದು ಆ ಗುಡ್ಡದ ಕಟ್ಟಳೆ. ತಪ್ಪಿಸಿಕೊಂಡವರ ಹೆಸರು ಗೋಡೆಯ ಮೇಲೆ ಇನ್ನೂ ಅಳಿಸಿರಲಿಲ್ಲ.

"ನಿಮ್ಮ ಹೆಸರೇ ಮೂರು ಸಲ ಇದೆಯಲ್ಲ!"

"ನಾನೇನೋ ಬರ್ತಿದ್ದೆ. ಬರೆಯೋನು ಆ ಕಡೆ ತಿರುಗಿರ್ತಿದ್ದ."

ನೆತ್ತಿಯ ಕೊಟ್ಟಿಗೆಯ ಬೀಗ ತೆರೆಯುವ ಅಗತ್ಯವೇ ಬೀಳಲಿಲ್ಲ. ಬಾಗಿಲಿನ ಕೆಳಗಿನ ಅರ್ಧವನ್ನು ಉಪ್ಪಿನಾಸೆಗೆ ಮುಳ್ಳುಹಂದಿಗಳು ತಿಂದು ಮುಗಿಸಿದ್ದವು. ಏವಿಸ್ ಬಗ್ಗಿ ಒಳಗೆ ನುಸುಳಿದಳು. ವೆಂಡೆಲ್ ತನ್ನ ಮರ್ಯಾದೆಗೆ ಬೀಗವನ್ನೇ ತೆರೆದು ಬಂದ. ಗಾಲಿ ಕಳಚಿದ ಹಳೆಯ ಲಾರಿಯೊಂದು ದಿಮ್ಮಿಗಳ ಮೇಲೆ ಕೂತಿತ್ತು, ಅದರ ಎಂಜಿನ್ನೇ ಹಗ್ಗ ತಿರುಗಿಸುತ್ತಿದ್ದದ್ದು. ಸೀಟಿನಲ್ಲಿ ಸ್ಪ್ರಿಂಗು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಬೆವರಿನ ಉಪ್ಪು ಕುಡಿದ ಹಗ್ಗವೂ ಮುಳ್ಳುಹಂದಿಗೆ ಪಾಯಸವೇ, ಆದರೆ ಯಾರೋ ಅದನ್ನು ಸುತ್ತಿ ಕಬ್ಬಿಣದ ಪೀಪಾಯಿಗೆ ತುಂಬಿ ಮುಚ್ಚಳ ಬಡಿದಿದ್ದರು.

ಏವಿಸ್ ಎರಡೂ ತುದಿ ಹುಡುಕಿ ಹೊರಗೆಳೆದಳು. ಎಳೆಗಳು ತುಂಡಾಗಿರಲಿಲ್ಲ. ಒಂದರೊಳಗಿಂದ ಒಂದು ಜಾರಿಕೊಂಡಿದ್ದವು, ಹೆಣಿಗೆಯ ಸುರುಳಿ ಇನ್ನೂ ಹಾಗೇ ಇತ್ತು. ಬಿಚ್ಚಿಕೊಂಡಿದ್ದ ಭಾಗವನ್ನು ತೋಳು ಚಾಚಿ ಅಳೆದಳು. ಒಂದೂವರೆ ಮಾರು. ಇನ್ನೊಂದು ತುದಿ ಅಳೆದಳು. ಅದೂ ಒಂದೂವರೆ. ಮೊದಲಿನಿಂದ ಮತ್ತೊಮ್ಮೆ ಅಳೆದಳು.

"ಮೂರೇ ಮಾರು, ವೆಂಡೆಲ್."

ವೆಂಡೆಲ್ ಲಾರಿಯ ಎಂಜಿನ್ ನೋಡುತ್ತಿದ್ದ.

"ಅಪ್ಪ ಆರು ಮಾರಿಗೆ ಕಡಿಮೆ ಹೆಣೆದವನೇ ಅಲ್ಲ. ನಂದು ಒಂದ್ಸಲ ಐದೂವರೆ ಆಗಿತ್ತು ಅಂತ ಪೂರ್ತಿ ಬಿಚ್ಚಿಸಿದ. ಊಟಕ್ಕೂ ಏಳಗೊಡಲಿಲ್ಲ. ಅಂಥವನು ಮೂರು ಯಾಕೆ ಹೆಣೆದ?"

"ಹಗ್ಗ ಸಾಲಲಿಲ್ಲ ಕಣಮ್ಮ."

"ಯಾಕೆ ಸಾಲಲಿಲ್ಲ? ಹಿಂದಿನ ವರ್ಷ ಸಾಲಿತ್ತಲ್ಲ."

ವೆಂಡೆಲ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ನಾನು ಬೀಳೋಕೆ ಮುಂಚಿನ ವಸಂತದಲ್ಲಿ ಹಿಮ ಕರಗಿ ರಸ್ತೆಯೆಲ್ಲ ಕೆಸರು. ನನ್ನ ಟ್ರಾಕ್ಟರು ಅಚ್ಚಿನವರೆಗೆ ಹೂತಿತ್ತು. ಹೆಣಿಗೆ ಬಿಚ್ಚಿ ಇಳಿಸಿದ್ದ ಈ ಹಗ್ಗ ಇಲ್ಲೇ ಸುಮ್ನೆ ಬಿದ್ದಿತ್ತು. ಟ್ರಾಕ್ಟರು ಎಳೆಯೋಕೆ ತುದಿಯಿಂದ ಒಂದು ಮೂರು ಮಾರು ಕೊಯ್ಕೊಂಡೆ. ಹಗ್ಗ ಹೇಗಿದ್ರೂ ಹಿಗ್ಗುತ್ತೆ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಡಿಸೆಂಬರದಲ್ಲಿ ಹಗ್ಗ ಏರಿಸಿ ನೋಡಿದ್ರೆ ಲ್ಯೂಸಿಯೆನ್ ಕೈಗೆ ಹೆಣೆಯೋಕೆ ಉಳಿದಿದ್ದು ಅಷ್ಟೇ. ಹೊಸದು ತರಿಸೋಣ, ಮೂರು ವಾರ ತಡೀರಿ ಅಂದ. ಕ್ರಿಸ್ಮಸ್ ರಜ ಎದುರಿಗಿತ್ತು, ಮಕ್ಕಳು ಸ್ಕೀ ಹೊತ್ಕೊಂಡು ನಿಂತಿದ್ರು. ನಾನೇ ಅಂದೆ, 'ಮೂರಾದ್ರೆ ಮೂರು, ಹೆಣೆಯೋ ಮಾರಾಯ, ಇದೊಂದು ವರ್ಷ ತಡ್ಕೊಳ್ಳುತ್ತೆ' ಅಂತ. ಆಮೇಲೆ ಕೂತು ಹೆಣೆದ."

"ಕೊಯ್ದಿದ್ದು ನೀವು ಅಂತ ಅವನಿಗೆ ಗೊತ್ತಿತ್ತಾ?"

"ಆಗ ಗೊತ್ತಿರಲಿಲ್ಲ. ಆಸ್ಪತ್ರೆಗೆ ಬಟಾಣಿ ಸಾರು ತಂದಿದ್ದ. ಅಲ್ಲಿ ಹೇಳಿದೆ. 'ಸಾರು ಆರೋಗುತ್ತೆ, ಕುಡಿ' ಅಂದ. ಅಷ್ಟೇ."

"ಊರವರು ಅವನ ಬೆನ್ನ ಹಿಂದೆ ಆಡಿದ್ದು ನಿಮ್ಮ ಕಿವಿಗೆ ಬೀಳಲಿಲ್ವಾ?"

"ಬಿತ್ತು."

"ಬಿದ್ದೂ ಸುಮ್ನಿದ್ರಿ."

"ಇದ್ದೆ."

ಏವಿಸ್ ಲಾರಿಯ ಮೆಟ್ಟಿಲ ಮೇಲೆ ಕೂತಳು. ಅವನಿಗೆ ಎರಡು ಬಾರಿಸಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ ಎಲ್ಲಿಗೆಂದು ಬಾರಿಸುವುದು? ಅಪ್ಪನ ಹೆಣಿಗೆ ಸರಿಯಿತ್ತು ಎಂದು ತಿಳಿದರೆ ಹೊರೆ ಇಳಿಯುತ್ತದೆ ಎಂದುಕೊಂಡಿದ್ದಳು. ಅರ್ಧವೇ ಇಳಿಯಿತು. ಮೂರು ಮಾರು ಸಾಲದು ಎಂದು ಊರಿಗೆಲ್ಲ ಗೊತ್ತಿಲ್ಲದಿದ್ದರೂ ಅಪ್ಪನಿಗೆ ಗೊತ್ತಿತ್ತು. ಮಕ್ಕಳು ಕಾದು ನಿಂತಿದ್ದರು, ಗೆಳೆಯ ಅವಸರ ಮಾಡಿದ, ಅಪ್ಪ ಕೂತು ಹೆಣೆದುಬಿಟ್ಟ. ಆಗುವುದಿಲ್ಲ ಎಂದು ಎದ್ದು ಹೋಗಬೇಕಿತ್ತು. ಹಾಗಾದರೆ ತಾನು ಹೆದರಬೇಕಾದದ್ದು ಬೆರಳಿಗಲ್ಲ, ಬೇಡವೆನ್ನಲಾರದ ಬಾಯಿಗೆ.

ಹಗ್ಗವನ್ನು ಪೀಪಾಯಿಗೆ ತುಂಬುತ್ತ ಹೇಳಿದಳು: "ಭಾನುವಾರ ನಾನು ಹೂಂ ಅಂತೀನಿ. ಆದ್ರೆ ಹಗ್ಗ ಹತ್ತು ಮಾರು ಹೆಚ್ಚಿಗೆ ಬರಬೇಕು, ಬೇಸಿಗೆಯಲ್ಲಿ ಅದು ನನ್ನ ಮನೇಲಿರುತ್ತೆ. ಸರಿಯಿಲ್ಲ ಅಂತ ನಾನು ಅಂದ ದಿನ ಗುಡ್ಡ ಮುಚ್ಚಿರುತ್ತೆ. ಕ್ರಿಸ್ಮಸ್ ಆದ್ರೂ ಸರಿ, ಇಡೀ ಊರೇ ಬಂದು ನಿಂತ್ರೂ ಸರಿ."

"ಒಪ್ಪದಿದ್ರೆ?"

"ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಲಿ."

"ಬೇರೆ ಯಾರಿದಾರೆ?"

"ಅದಕ್ಕೇ ಒಪ್ತಾರೆ. ಇನ್ನೊಂದು. ಟ್ರಾಕ್ಟರಿನ ಕತೆ ಸಭೆಯಲ್ಲಿ ನೀವೇ ಹೇಳಬೇಕು."

"ಅಷ್ಟು ಜನರ ಮುಂದೆ? ಈ ಕಾಲಲ್ಲಿ ನನಗೆ ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ ಕಣಮ್ಮ."

"ಬೇಗ ಹೇಳಿ, ಬೇಗ ಕೂತ್ಕೊಳ್ಳಿ."

ಭಾನುವಾರ ಪುರಭವನದಲ್ಲಿ ವೆಂಡೆಲ್ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು, ನಾಲ್ಕೇ ಮಾತಿನಲ್ಲಿ ಹೇಳಿ ಕೂತ. ಹಿಂದಿನ ಸಾಲಿನಿಂದ ಹಳೆಯ ಅಂಚೆಯಮ್ಮ ಐಡೆಲ್, "ಅಯ್ಯೋ, ಹಾಗಾದ್ರೆ ಲ್ಯೂಸಿಯೆನ್‌ದು ಏನೂ ತಪ್ಪೇ ಇರಲಿಲ್ಲ ಪಾಪ, ನಾವು ಸುಮ್ಮಸುಮ್ಮನೆ…" ಎಂದು ರಾಗ ಎಳೆದಳು.

"ಇತ್ತು," ಎಂದಳು ಏವಿಸ್. "ಸಾಲಲ್ಲ ಅಂತ ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಣೆದ. ಹಾಗೆ ನಾನು ಹೆಣೆಯಲ್ಲ. ಈಗ ನನ್ನ ಷರತ್ತು ಕೇಳಿಸ್ಕೊಳ್ಳಿ, ಒಪ್ಪಿಗೆ ಆದ್ರೆ ಕೈಯೆತ್ತಿ."