ಮೊದಲನೆಯ ಬೇಡ

ಒಮ್ಮೆ ಕೇಳಿ ಹೋದವಳು ಇನ್ನೊಮ್ಮೆ ಬಂದೇ ಬರುತ್ತಾಳೆಂದು ಸುಪ್ರಿಯಾ ತೊಗರಿಬೇಳೆ ತುಂಬುತ್ತ ಕಾದಳು. ಅಕ್ಷತಾ ಬರಲಿಲ್ಲ. ದೂರದಲ್ಲಿ ಕುಂಬಳಕಾಯಿಗಳ ರಾಶಿಯ ಹತ್ತಿರ ನಿಂತು ಯಾರೊಂದಿಗೋ ನಗುತ್ತಿದ್ದಳು.

ಹ್ಯಾರಿಸನ್ ಸ್ಟೇಷನ್ನಿನ ಹಿಂದಿನ ಹಳೆಯ ಗೋದಾಮಿನಲ್ಲಿ ಶನಿವಾರ ಬೆಳಿಗ್ಗೆ ಕೋ-ಆಪ್ ಸೇರುತ್ತದೆ. ಅದು ಅಂಗಡಿಯಲ್ಲ, ದಾನ ಹಂಚುವ ಜಾಗವೂ ಅಲ್ಲ. ಸುತ್ತಲಿನ ಅಪಾರ್ಟ್‌ಮೆಂಟುಗಳವರು ಒಟ್ಟಾಗಿ ದಕ್ಷಿಣ ನ್ಯೂಜೆರ್ಸಿಯ ರೈತರಿಂದ ತರಕಾರಿ, ಸಗಟಿನಲ್ಲಿ ಅಕ್ಕಿ ಬೇಳೆ ತರಿಸಿ, ತಾವೇ ಇಳಿಸಿ ತೂಗಿ ಹಂಚಿಕೊಳ್ಳುತ್ತಾರೆ. ಡಾಕ್ಟರಾದರೂ ತನ್ನ ಸರದಿ ಬಂದಾಗ ಈರುಳ್ಳಿ ಮೂಟೆ ಹೊರಲೇಬೇಕು. ಬೇಸಿಗೆಯಲ್ಲಿ ಕೆಲಸ ಕಳೆದುಕೊಂಡ ಕೆಲವು ಮನೆಯವರು ಸದ್ದಿಲ್ಲದೆ ಬರುವುದನ್ನು ಬಿಟ್ಟರು. ಹೀಗೆ ಒಬ್ಬೊಬ್ಬರೇ ಜಾರಿದರೆ ರೈತನಿಗೆ ಕೊಟ್ಟ ಮಾತೂ ಉಳಿಯದು, ಉಳಿದವರ ಊಟವೂ ಉಳಿಯದು ಎಂದು ಸಭೆ ಕರೆದರು. ಅಂಥ ಮನೆಯವರು ಹಣ ಕೊಡುವುದು ಬೇಡ, ಹೆಚ್ಚು ಸರದಿ ದುಡಿದು ತಮ್ಮ ಪಾಲು ಒಯ್ಯಲಿ ಎಂದು ತೀರ್ಮಾನವಾಯಿತು. ಸುಪ್ರಿಯಾ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದಳು. ಆಗ ಗಂಡ ವಿಜಯ್‌ಗೆ ಕೆಲಸವಿತ್ತು.

ಆಮೇಲೆ ಮಾರಿಸ್‌ಟೌನಿನ ಆಫೀಸು ಅವನ ಟೀಮನ್ನೇ ಮುಚ್ಚಿತು. ಯಾರ ಮುಂದೂ ಬಾಯಿ ಬಿಡಬೇಡ ಎಂದು ಅವನು ಒಂದೇ ಮಾತು ಹೇಳಿದ್ದ. ಈಗಲೂ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ಹೋಗುವುದು ಲೈಬ್ರರಿಗೆ. ಅವಳು ಅಡುಗೆಯಲ್ಲಿ ಬೇಳೆ ತೆಳ್ಳಗೆ ಮಾಡುತ್ತಾಳೆ. ತೆಳ್ಳಗಾದದ್ದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂಬುದು ಅವಳಿಗೂ ಗೊತ್ತು.

ಹೀಗೆ ದುಡಿದು ಒಯ್ಯುವ ಚಳಿಗಾಲದ ಪಾಲಿಗೆ ಹೆಸರು ಕೊಡಲು ಇಂದೇ ಕೊನೆ. ಬಾಗಿಲು ಮುಚ್ಚುವ ಹೊತ್ತಿಗೆ ರೈತರಿಗೆ ಆರ್ಡರ್ ಹೋಗಿಬಿಡುತ್ತದೆ. ಬೆಳಿಗ್ಗೆ ಬಂದ ಕೂಡಲೇ ಅಕ್ಷತಾ ಸುಪ್ರಿಯಾಳ ಮೇಜಿಗೆ ಬಂದು ದನಿ ತಗ್ಗಿಸಿದ್ದಳು. ಈ ಕೋ-ಆಪ್ ನಡೆಸುವ ಹುಡುಗಿ ಅವಳೇ. ಎಡಿಸನ್ನಿನಲ್ಲಿ ಹುಟ್ಟಿ ಬೆಳೆದವಳು, ಕನ್ನಡವನ್ನು ಅಜ್ಜಿಯಿಂದ ಕಲಿತವಳು.

"ಆಂಟಿ, ಅಂಕಲ್ ಜಾಬ್ ವಿಷಯ ಲಾಸ್ಯಾ ಹೇಳಿದ್ಳು. ವಿಂಟರ್ ಶೇರ್‌ಗೆ ನಿಮ್ಮ ಹೆಸರು ಹಾಕ್ಲಾ?"

ಮಗಳ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಎದೆ ಹಗುರವೂ ಆಯಿತು. ಆದರೆ ಬಾಯಿ ತನ್ನ ಪಾಡಿಗೆ ತಾನು ಆಡಿಬಿಟ್ಟಿತು. "ಅಯ್ಯ, ಬ್ಯಾಡವ್ವಾ, ನಮಗ್ಯಾಕ? ಇಲ್ಲದವರಿಗೆ ಕೊಡು."

"ಶೂರ್, ಆಂಟಿ," ಎಂದು ಅಕ್ಷತಾ ಹೋಗಿಯೇಬಿಟ್ಟಳು.

ಇಳಕಲ್ಲಿನ ತವರುಮನೆಯಲ್ಲಿ ಪಂಕ್ತಿಗೆ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಬಡಿಸುವವರು ಆ ಕೈ ಸರಿಸಿ ಹೋಳಿಗೆ ಹಾಕುತ್ತಿದ್ದರು. ಬೇಡ ಎಂದ ಕೂಡಲೇ ಪಾತ್ರೆ ಎತ್ತಿಕೊಂಡು ಮುಂದೆ ಹೋದವರನ್ನು ಜಿಪುಣರೆಂದು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಮೊದಲ ಸಲಕ್ಕೇ ಹೂಂ ಎಂದವರನ್ನು ಇನ್ನೂ ಹೆಚ್ಚು. ಅಜ್ಜಿ ಈ ಹುಡುಗಿಗೆ ಮಾತು ಕಲಿಸಿದ್ದಾಳೆ, ಇದೊಂದನ್ನು ಕಲಿಸಿಲ್ಲ.

ಸುಪ್ರಿಯಾಳ ಕೈ ನಿಲ್ಲಲಿಲ್ಲ, ಮನಸ್ಸೂ ನಿಲ್ಲಲಿಲ್ಲ. ಕಟ್ಟಿದ ಚೀಲ ಬಿಚ್ಚಿ ಮತ್ತೆ ತೂಗಿದಳು. ನೀರು ಕುಡಿಯುವ ನೆಪದಲ್ಲಿ ಅಕ್ಷತಾಳ ಮುಂದೆ ಹಾದು, ಈ ಸಲ ಚಳಿ ಜೋರಂತೆ ಎಂದಳು. ಹೌದಂತೆ ಆಂಟಿ, ಕಾರಿಗೆ ಸ್ನೋ ಟೈರ್ ಹಾಕಿಸಿ ಎಂದಳು ಆ ಹುಡುಗಿ. ಸ್ವಲ್ಪ ಹೊತ್ತು ಬಿಟ್ಟು ಹೋಗಿ, ಎಷ್ಟು ಮನೆ ಹೆಸರು ಕೊಟ್ಟರು, ಪಾಪ, ಎಂದು ವಿಚಾರಿಸಿದಳು. ಅಕ್ಷತಾ ತಲೆಯೆತ್ತದೆ, ಅದು ಕಾನ್ಫಿಡೆನ್ಶಿಯಲ್ ಎಂದಳು. ಪಕ್ಕದಲ್ಲಿ ಲೇಬಲ್ ಅಂಟಿಸುತ್ತಿದ್ದ ಪೆರು ದೇಶದ ರೋಸಾ, ಇವತ್ತು ಒಂದು ಚೀಲಕ್ಕೆ ಬೇಳೆ ಜಾಸ್ತಿ, ಒಂದಕ್ಕೆ ಬರೀ ಗಾಳಿ ತುಂಬುತ್ತಿದ್ದೀಯಲ್ಲ, ಯಾರ ಮೇಲೆ ಕೋಪ ಎಂದು ಕೆಣಕಿದಳು.

ನನ್ನ ಮಾತು ಮೀರಿದೆ ಎಂದು ವಿಜಯ್ ಮುಖ ತಿರುಗಿಸಿದರೆ? ಇಲ್ಲಿರುವ ಕನ್ನಡದವರೆಲ್ಲ ಯುಗಾದಿ ಕಾರ್ಯಕ್ರಮದಲ್ಲಿ ತಲೆ ಓರೆ ಮಾಡಿ, ಹೇಗಿದ್ದೀರಿ ಎಂದು ಎಳೆದೆಳೆದು ಕೇಳಿದರೆ? ಕೇಳಲಿ. ಆದರೆ ಇವತ್ತು ಸುಮ್ಮನಿದ್ದು ಮನೆಗೆ ಹೋದರೆ ಬರುವ ತಿಂಗಳು ತಾವೂ ಸದ್ದಿಲ್ಲದೆ ಬಿಡುವವರೇ.

ಅರ್ಧ ಶಟರ್ ಇಳಿದಿತ್ತು. ಅಕ್ಷತಾ ಆರ್ಡರ್ ಕಳಿಸಲು ಫೋನ್ ಹಿಡಿದು ಕೂತಿದ್ದಳು. ಸುಪ್ರಿಯಾ ಬೇಳೆಯ ಪುಡಿ ಅಂಟಿದ ಕೈಯಲ್ಲೇ ಹೋಗಿ ನಿಂತಳು.

"ಬೇಕು," ಎಂದಳು.

"ಏನು ಬೇಕು ಆಂಟಿ?"

"ಪಾಲು. ನಮ್ಮನಿಗೆ."

ಅಕ್ಷತಾ ಕಣ್ಣರಳಿಸಿದಳು. "ಬೆಳಿಗ್ಗೆ ಬೇಡ ಅಂದ್ರಲ್ಲ?"

"ನೀ ಒಂದ ಸಲ ಕೇಳಿದಿ."

"ಎಷ್ಟು ಸಲ ಕೇಳ್ಬೇಕಿತ್ತು?"

ಆ ಪ್ರಶ್ನೆಯಲ್ಲಿ ಹಾಸ್ಯವಿರಲಿಲ್ಲ; ಹುಡುಗಿ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಕಡಿಮೆ ಅಂದರೂ ಮೂರು ಎಂದು ಹೇಳುವಾಗ ಸುಪ್ರಿಯಾಳ ಕಿವಿ ಬಿಸಿಯಾಯಿತು. ಅಕ್ಷತಾ ಹೆಸರು ಸೇರಿಸಿದಳು. ನಂತರ ನಿಯಮ ಹೇಳಿದಳು: ಮನೆಯಲ್ಲಿರುವ ದೊಡ್ಡವರೆಲ್ಲ ದುಡಿಯಬೇಕು, ಅಂಕಲ್ ಕೂಡ. ಮಂಗಳವಾರ ಬೆಳಿಗ್ಗೆ ಟ್ರಕ್ ಬರುತ್ತದೆ, ಮೂಟೆ ಇಳಿಸಬೇಕು.

ಸುಪ್ರಿಯಾ ಹೊರಗೆ ಬಂದು, ನಿಂತಲ್ಲಿ ನಿಲ್ಲಲಾಗದೆ ಪಾರ್ಕಿಂಗ್ ಲಾಟಿನ ಉದ್ದಕ್ಕೂ ನಡೆಯುತ್ತ ವಿಜಯ್‌ಗೆ ಫೋನ್ ಮಾಡಿದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಲೈಬ್ರರಿಯಿಂದ ಅವನು ಪಿಸುದನಿಯಲ್ಲಿ, ಅಲ್ಲಿ ಯಾರ್ಯಾರು ಇರುತ್ತಾರೆ ಎಂದು ಕೇಳಿದ.

"ಎಲ್ಲಾರೂ ಇರ್ತಾರ."

"ನಾ ಬರೂದು ಬ್ಯಾಡ ಬಿಡು. ನೀನೇ ನೋಡ್ಕೊ."

ಅವಳು ಫೋನ್ ಇಡಲಿಲ್ಲ. "ನೀವು ಬರ್ಬೇಕ್ರೀ," ಎಂದಳು. ಅವನು ಇಂಟರ್‌ವ್ಯೂ ಇದೆ, ಬೆನ್ನು ನೋವು ಎಂದು ಏನೇನೋ ಹೇಳಿದ. ಅವಳು ನಡೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, ಮತ್ತೆ ಅದೇ ಮಾತು ಹೇಳಿದಳು.

ಅವನು ಉಸಿರುಬಿಟ್ಟದ್ದು ಕೇಳಿಸಿತು.

"ಗ್ಲೌಸ್ ಅಲ್ಲೇ ಕೊಡ್ತಾರೇನು?"